ವರ್ಷದ ಜಾಡಿ

ರಾಜರ ಪಟ್ಟಾಭಿಷೇಕದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಯುದ್ಧಗಳಿಗಂತೂ ಬರೆಯುವವರ ಬರ ಯಾವತ್ತೂ ಇಲ್ಲ. ಆದರೆ ಬೀದಿಯ ತಿರುವಿನ ತಂಬಾಕಿನಂಗಡಿಯ ಕಿಟಕಿಯಲ್ಲಿ ನಿಂತಿರುವ ಗಾಜಿನ ಜಾಡಿಗೆ ಬರುವ ವರ್ಷ ಯಾರು ಮಾಡಿದ ಪೈಪ್ ತಂಬಾಕು ಬೀಳಬೇಕು ಎಂಬ ಗಹನವಾದ ವಿಷಯ ಹೇಗೆ ಇತ್ಯರ್ಥವಾಗುತ್ತದೆಂದು ಯಾರೂ ಬರೆದಿಟ್ಟಂತಿಲ್ಲ. ಆ ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂಕೋಣೆಯಲ್ಲಿ, ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಮೂರು ಡಬ್ಬಿಗಳಿದ್ದವು. ಸುತ್ತ ನಾಲ್ಕು ಜನ ಎದ್ದು ನಿಂತಿದ್ದರು. ಮೊದಲ ಡಬ್ಬಿಯ ಮುಚ್ಚಳ ತೆಗೆಯುವಾಗ ಕೂತಿರುವುದು ಅಲ್ಲಿ ಅಮರ್ಯಾದೆ.

“ಭಾವ, ತೆಗೀರಿ,” ಅಂದ ಅಂಗಡಿಯ ಯಜಮಾನ, ತನ್ನ ಅಕ್ಕನ ಗಂಡನಿಗೆ.

ಭಾವ ತೆಗೆದ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮುಖದ ಹತ್ತಿರ ತಂದು, ಎದೆ ತುಂಬ ಉಸಿರೆಳೆದುಕೊಂಡ. ಉಳಿದ ಮೂವರು ತಮ್ಮ ಉಸಿರು ಬಿಗಿ ಹಿಡಿದರು. ಅವನ ಮೂಗಿನೊಳಗೆ ಹೋದದ್ದು ಬರೀ ಗಾಳಿ. ತೊಳೆದು ಕವುಚಿಟ್ಟ ಪಾತ್ರೆಯೊಳಗೆ ತಲೆ ಹಾಕಿದಂತಿತ್ತು.

ಈ ಭಾವನನ್ನು ಬೀದಿಯ ಜನ ಮೂಗಣ್ಣ ಎಂದು ಕರೆಯುತ್ತಿದ್ದರು. ಕಸುಬಿನಲ್ಲಿ ಅವನು ಬೀಗ ರಿಪೇರಿಯವನು. ಕಳೆದುಹೋದ ಕೀಲಿ, ತುಕ್ಕು ಹಿಡಿದ ತಿಜೋರಿ, ಒಳಗಿನಿಂದ ಚಿಲಕ ಬಿದ್ದ ಬಚ್ಚಲುಮನೆ, ಎಲ್ಲಕ್ಕೂ ಜನ ಅವನನ್ನೇ ಓಡಿ ಬಂದು ಕರೆಯುತ್ತಿದ್ದರು. ಬಾಗಿಲು ತೆರೆದುಕೊಂಡ ಕೂಡಲೇ ಅವನನ್ನು ಹೊಸ್ತಿಲಲ್ಲೇ ಮರೆತು ಒಳಗೆ ನುಗ್ಗುತ್ತಿದ್ದರು. ಅದು ಆ ಕಸುಬಿನ ಹಣೆಬರಹ. ಬೀಗ ತೆಗೆದವನಿಗೆ ಮನೆಯೊಳಗೆ ಕೆಲಸವಿಲ್ಲ. ತಂಬಾಕಿನ ವಿಷಯದಲ್ಲಿ ಮಾತ್ರ ಹಾಗಲ್ಲ. ಮುಚ್ಚಿದ ಡಬ್ಬಿಯನ್ನು ಮೂಸಿ ಯಾವ ಕಂಪನಿಯದೆಂದು ಹೇಳುತ್ತಿದ್ದ. ಒಂದು ಸಲ ಇದೇ ಕೋಣೆಯಲ್ಲಿ ಇಲಿ ಸತ್ತಿರುವುದನ್ನು ಆ ಇಲಿಗೇ ಖಾತ್ರಿಯಾಗುವ ಮೊದಲು ಹೇಳಿದನೆಂದು ಕ್ಷೌರದಂಗಡಿಯವನು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ವರ್ಷಕ್ಕೊಮ್ಮೆ ಬೇರೆ ಬೇರೆ ಕಂಪನಿಗಳ ಹೊಸ ಮಿಶ್ರಣಗಳನ್ನು ಹೋಲಿಸಿ ನೋಡಿ ಅವನು ಆರಿಸಿದ್ದು ಕಿಟಕಿಯ ಜಾಡಿಗೆ ಬೀಳುತ್ತಿತ್ತು. ಊರಿನ ಪೈಪ್ ಸೇದುವವರು ಕಂಪನಿಯ ಹೆಸರು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. “ಮೂಗಣ್ಣಂದು ಕೊಡಿ” ಅನ್ನುತ್ತಿದ್ದರು. ಇಡೀ ವರ್ಷದಲ್ಲಿ ಆ ಒಂದು ಮಧ್ಯಾಹ್ನ, ಆ ಒಂದು ಕೋಣೆಯಲ್ಲಿ, ಅವನ ಬಾಯಿಂದ ಮಾತು ಬೀಳುವುದನ್ನು ಜನ ಕಾಯುತ್ತಿದ್ದರು. ಅದಕ್ಕಾಗಿ ಅವನು ಶನಿವಾರವೇ ಅಂಗಿಗೆ ಇಸ್ತ್ರಿ ಹಾಕಿಸಿಡುತ್ತಿದ್ದ.

ಆದರೆ ಈ ವರ್ಷ ಒಂದು ಜ್ವರ ಬಂದಿತ್ತು. ಬಂದ ದಾರಿಯಲ್ಲೇ ಹೋಯಿತು ನಿಜ. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ.

ಮೊದಲು ಕಂಡುಹಿಡಿದವಳು ಹೆಂಡತಿ. ಒಲೆಯ ಮೇಲೆ ಹಾಲು ಸೀದು ತಳ ಹಿಡಿದು, ಪಕ್ಕದ ಮನೆಯವರು ಬಂದು ಬಾಗಿಲು ಬಡಿದರೂ, ಒಲೆಯ ಮಗ್ಗುಲಲ್ಲೇ ಇವನು ಪೇಪರು ಅಗಲಿಸಿಕೊಂಡು ಆರಾಮವಾಗಿ ಕೂತಿದ್ದ.

“ಯಾವಾಗಿಂದ?” ಅಂದಳು ಅವಳು, ಪಾತ್ರೆಗೆ ನೀರು ಬಿಡುತ್ತಾ.

“ಏನು ಯಾವಾಗಿಂದ?”

“ನನ್ನ ಹತ್ರ ಬೇಡ ಈ ಆಟ. ಯಾವಾಗಿಂದ ಅಂದೆ.”

“ಜ್ವರ ಬಿಟ್ಟಾಗಿಂದ,” ಅಂದ ಅವನು, ಪೇಪರಿನ ಹಿಂದಿನಿಂದ.

“ನನ್ನ ತಮ್ಮನಿಗೆ ಹೇಳಿಬಿಡಿ. ನೆಗಡಿ, ಈ ವರ್ಷ ಬರೋಕಾಗಲ್ಲ ಅಂತ.”

“ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತೆ.”

“ಕೊಯ್ದುಕೊಳ್ಳೋಕೆ ಅದು ಇದ್ರೆ ತಾನೇ?”

ಅವನು ನಗಲಿಲ್ಲ. ಅವಳೂ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅಂದಿನಿಂದ ಒಲೆಯ ಮೇಲೆ ಏನಾದರೂ ಇಟ್ಟರೆ ಅಡುಗೆಮನೆ ಬಿಟ್ಟು ಕದಲುವುದನ್ನು ನಿಲ್ಲಿಸಿದಳು.

ಆ ಕೋಣೆಯ ಕಟ್ಟಳೆ ಇನ್ನೊಂದಿತ್ತು. ದೂರದಿಂದ ಬಂದ ಡಬ್ಬಿ, ದೂರದಿಂದ ಬಂದ ನೆಂಟರ ಹಾಗೆ, ಬಂದ ದಿನವೇ ಬಾಯಿ ಬಿಡುವುದಿಲ್ಲವಂತೆ. ಆದ್ದರಿಂದ ಈ ಆಯ್ಕೆಯ ಪಂಚಾಯ್ತಿಗೆ ಒಂದು ವಾರ ಮೊದಲು ಒಬ್ಬೊಬ್ಬರು ಒಂದೊಂದು ಡಬ್ಬಿಯನ್ನು ಮನೆಗೆ ಒಯ್ದು, ಮುಚ್ಚಳ ಸಡಿಲಿಸಿ, ಬಿಸಿಲು ಬೀಳದ ಕಡೆ ಇಟ್ಟು ಅದಕ್ಕೆ ಉಸಿರಾಡಲು ಬಿಡಬೇಕು. ಮೊದಲನೆಯದು ಮೂಗಣ್ಣನ ಮನೆಗೆ ಬಂದಿತ್ತು. ಮುಚ್ಚಳದ ಮೇಲೆ ಹಡಗಿನ ಚಿತ್ರ, ಹಡಗಿನ ಮೇಲೆ ಕಂಪನಿಯ ಬಾವುಟ. ಇಡೀ ವಾರ ಬೆಳಗ್ಗೆ ಎದ್ದ ಕೂಡಲೇ ಅವನು ಅದರ ಮೇಲೆ ಬಗ್ಗುತ್ತಿದ್ದ. ಮೂಗು ಕೈಕೊಟ್ಟಿತೆಂದು ಬೇಸತ್ತು, ಒಂದು ದಿನ ಸುಮ್ಮನೆ ಬೆರಳು ಹಾಕಿದ. ಬೆರಳಿಗೆ ಅಂಟಿತು. ಎಲ್ಲೋ ಒಂದು ಬಾಗಿಲು ಸಂದಿ ಬಿಟ್ಟಂತಾಯಿತು ಅವನಿಗೆ.

ಈಗ ಹಿಂಕೋಣೆಯಲ್ಲಿ ಕಣ್ಣು ಬಿಟ್ಟು, ಡಬ್ಬಿಯಿಂದ ಒಂದು ಚಿಟಿಕೆ ಎತ್ತಿ ಹೆಬ್ಬೆರಳಿನಿಂದ ತೀಡಿದ. ಪೈಪಿನ ಬಟ್ಟಲಿಗೆ ತುಂಬಿ, ಅದುಮಿ, ಕಡ್ಡಿ ಗೀರಿದ. ಅದುಮುವುದಕ್ಕೆ ಅವನ ಹತ್ತಿರ ಹಳೆಯ ಹಿತ್ತಾಳೆ ಕೀಲಿಯೊಂದಿತ್ತು. ಅದರ ಹಲ್ಲು ಉಜ್ಜಿ ಚಪ್ಪಟೆ ಮಾಡಿಕೊಂಡಿದ್ದ. ಯಾವ ಬೀಗದ ಕೀಲಿಯೋ, ಆ ಮನೆಯೇ ಈಗ ಇರಲಿಲ್ಲ.

“ಬೆಲ್ಲ ಹಚ್ಚಿದ್ದಾರೆ,” ಅಂದ ನಾಲ್ಕಾರು ಸಲ ಎಳೆದ ಮೇಲೆ. “ಕೆಳಗಿರೋ ಎಲೆ ಬಡವು, ಅದನ್ನ ಮುಚ್ಚೋಕೆ ಮೇಲೆ ಇಷ್ಟು ಒಡವೆ. ನೋಡಿ, ಬಟ್ಟಲು ಆಗಲೇ ಕೈ ಸುಡ್ತಿದೆ. ಮೊದಲ ದಿನ ಚೆನ್ನ, ಮೂರನೇ ದಿನ ತಲೆನೋವು.”

“ನಾನೂ ಅದೇ ಹೇಳೋಣ ಅಂತಿದ್ದೆ,” ಅಂದ ಕ್ಷೌರದಂಗಡಿಯವನು. ಅವನು ಯಾವತ್ತೂ ಅದನ್ನೇ ಹೇಳೋಣ ಅಂತಿದ್ದವನು.

ನಾಲ್ಕನೆಯವರು ಸಿಸ್ಟರಮ್ಮ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಂಡ ತೀರಿಹೋದಾಗ ಅವನ ಬಟ್ಟೆಬರೆಯನ್ನೆಲ್ಲ ಹಂಚಿ, ಪೈಪನ್ನು ಮಾತ್ರ ಯಾರಿಗೂ ಕೊಡಲು ಮನಸ್ಸು ಬಾರದೆ ತಾವೇ ಸೇದತೊಡಗಿದ್ದರು. ಈಗ ಆ ಬೀದಿಯಲ್ಲಿ ಅವರಷ್ಟು ಚೆನ್ನಾಗಿ ಪೈಪ್ ತುಂಬುವವರು ಇನ್ನೊಬ್ಬರಿರಲಿಲ್ಲ. ಅವರು ಕನ್ನಡಕದ ಮೇಲಿನಿಂದ ಮೂಗಣ್ಣನನ್ನು ನೋಡಿದರು.

“ಅಲ್ಲ ಮೂಗಣ್ಣ, ಜ್ವರ ಬಂದಿತ್ತಲ್ಲ. ಆಮೇಲೆ ನಾಲಿಗೆ ರುಚಿ ಎಲ್ಲ ಸರಿಹೋಯ್ತಾ?”

“ನಾಲಿಗೆ ಗಟ್ಟಿಯಾಗಿದೆ ಸಿಸ್ಟರಮ್ಮ. ಬೇಕಾದ್ರೆ ಮನೆಯವಳನ್ನ ಕೇಳಿ.”

ಎಲ್ಲರೂ ನಕ್ಕರು. ಸಿಸ್ಟರಮ್ಮನೂ ನಕ್ಕರು, ಆದರೆ ಕನ್ನಡಕವನ್ನು ಮೇಲಕ್ಕೇರಿಸಲಿಲ್ಲ.

ಎರಡನೆಯ ಡಬ್ಬಿ ಅವರ ಮನೆಯಲ್ಲಿದ್ದದ್ದು. ಗೂಬೆ ಮಾರ್ಕಿನದು. ಎಲೆಯನ್ನು ಸೌದೆಯ ಹೊಗೆಯಲ್ಲಿ ಕಟ್ಟಿ ಒಣಗಿಸುವ ಕಂಪನಿ. ಮುಚ್ಚಳ ತೆಗೆದ ಕೂಡಲೇ ಅಂಗಡಿಯ ಯಜಮಾನ “ಆಹಾ” ಅಂದ. ಅದು ಮೂಗಣ್ಣನಿಗೆ ಸಹಾಯವೇ ಆಯಿತು. ಗೂಬೆಯವರದು ಅವನಿಗೆ ಹಳೆಯ ಪರಿಚಯ. ಆ ಕಂಪನಿ ಏನು ಮಾಡಿದರೂ ಆರಿದ ಒಲೆಯ ವಾಸನೆ ಇದ್ದೇ ಇರುತ್ತದೆ, ನೆನಪಿನಿಂದಲೇ ಹೇಳಬಹುದು. ಹೇಳಿದ. ಆದರೆ ಹೇಳುತ್ತಿರುವಾಗಲೇ ಬೇರೊಂದು ಸಂಗತಿ ಅವನ ಗಮನ ಸೆಳೆಯಿತು. ಬೆಂಕಿ ತಾಗಿದ ಎಲೆ ಬಟ್ಟಲಿನೊಳಗೆ ಚಿಟಚಿಟ ಅನ್ನುತ್ತಿತ್ತು. ಒಂದು ಕಡೆ ಬೇಗ ಉರಿದು, ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತಿತ್ತು. ಇಷ್ಟು ವರ್ಷ ಸೇದಿದ್ದೇನೆ, ಇದು ಸದ್ದು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡ.

“ಒಳ್ಳೇದೇ,” ಅಂದ. “ಆದ್ರೆ ಎರಡು ಥರದ ಎಲೆ ಜೊತೆಯಲ್ಲಿ ಸಂಸಾರ ಮಾಡ್ತಿಲ್ಲ. ಒಂದು ಮಲಗಿರುತ್ತೆ, ಇನ್ನೊಂದು ದೀಪ ಹಚ್ಕೊಂಡು ಕೂತಿರುತ್ತೆ.”

“ಎಂಥ ಮಾತು!” ಅಂದ ಕ್ಷೌರದಂಗಡಿಯವನು. “ಇದನ್ನ ನಾನು ನಾಳೆ ಅಂಗಡಿಯಲ್ಲಿ ಹೇಳ್ತೀನಿ.”

ಇಲ್ಲಿಯವರೆಗೆ ಎಲ್ಲ ಸಸೂತ್ರ. ಮೂಗಣ್ಣನ ಬೆನ್ನಿನ ಬೆವರು ಆರತೊಡಗಿತ್ತು. ಇನ್ನೊಂದು ಡಬ್ಬಿ ದಾಟಿದರೆ ಒಂದು ವರ್ಷ ದಾಟಿದ ಹಾಗೆ. ಮುಂದಿನ ವರ್ಷದ ಹೊತ್ತಿಗೆ ಮೂಗು ಮನಸ್ಸು ಬದಲಾಯಿಸಿ ಮನೆಗೆ ಬಂದರೂ ಬಂದೀತು.

ಮೂರನೆಯದು ಯಾರಿಗೂ ಗೊತ್ತಿಲ್ಲದ ಕಂಪನಿ. ಡಬ್ಬಿಯ ಮೇಲೆ ಹಡಗಿಲ್ಲ, ಗೂಬೆಯಿಲ್ಲ. ಬರೀ ಬೂದು ಬಣ್ಣ, ಮೂಲೆಯಲ್ಲಿ ಸಣ್ಣಕ್ಕೊಂದು ಹೆಸರು. ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ, ಅಂಗೈಯಗಲದ ಒಂದು ಕಪ್ಪು ಇಟ್ಟಿಗೆ. ಎಲೆಗಳನ್ನು ಒಂದರ ಮೇಲೊಂದು ಪೇರಿಸಿ, ತಿಂಗಳುಗಟ್ಟಲೆ ಭಾರದಡಿ ಒತ್ತಿ ಮಾಡಿದ್ದು. ಇದು ಕ್ಷೌರದಂಗಡಿಯಲ್ಲಿ ಉಸಿರಾಡಿಕೊಂಡು ಬಂದಿತ್ತು. ಅವನು ಹೆತ್ತ ತಾಯಿಯಂತೆ ಅದನ್ನು ಮುಂದೆ ನೂಕಿದ. ಯಜಮಾನ ತೆಳ್ಳನೆಯ ಚಾಕುವಿನಿಂದ ಅದರ ಅಂಚಿನಲ್ಲಿ ನಾಲ್ಕು ಬಿಲ್ಲೆ ಸೀಳಿ ಹಂಚಿದ.

ಮೂಗಣ್ಣ ಪದ್ಧತಿಯಂತೆ ಕಣ್ಣು ಮುಚ್ಚಿ ಮೂಸಿದ. ಪದ್ಧತಿಯಂತೆ ಏನೂ ಇರಲಿಲ್ಲ. ಬಿಲ್ಲೆಯನ್ನು ಬೆರಳ ನಡುವೆ ಇಟ್ಟು ಮೆಲ್ಲಗೆ ಒತ್ತಿದ.

ಎಲೆ ಬಗ್ಗಿತು. ಬಿಟ್ಟಾಗ ಅವಸರವಿಲ್ಲದೆ ಎದ್ದು ತನ್ನ ಜಾಗಕ್ಕೆ ಬಂತು. ಅವನ ಕೈ ಅಲ್ಲೇ ನಿಂತಿತು. ಇಂಥ ಸ್ಪ್ರಿಂಗನ್ನು ಅವನು ಜೀವಮಾನದಲ್ಲಿ ಒಂದೋ ಎರಡೋ ಬೀಗದಲ್ಲಿ ಕಂಡಿದ್ದ. ಮಾಡಿದವನು ಸತ್ತು ತಲೆಮಾರು ಕಳೆದಿದ್ದರೂ, ಕೀಲಿ ತಾಗಿದ ಕೂಡಲೇ ‘ಬಂದೆಯಾ’ ಎನ್ನುವಂಥ ಬೀಗಗಳು ಅವು. ತೀಡಿದರೆ ಪದರ ಪದರವಾಗಿ ಬಿಚ್ಚಿಕೊಂಡಿತು. ಒಂದು ಪದರವೂ ಹರಿಯಲಿಲ್ಲ, ಪುಡಿಯಾಗಲಿಲ್ಲ, ಬೆರಳಿಗೆ ಅಂಟಲಿಲ್ಲ. ಕಡ್ಡಿ ಗೀರಿ ಹಿಡಿದ. ಬೆಂಕಿ ಬಟ್ಟಲಿನ ಬಾಯಗಲಕ್ಕೂ ಒಂದೇ ಸಮ ಹರಡಿ, ಕೂತಿತು. ಸದ್ದಿಲ್ಲ. ಕಿವಿಯನ್ನು ಹತ್ತಿರ ತಂದರೆ, ಮಲಗಿದ ಮಗುವಿನ ಉಸಿರಿನಷ್ಟು ಸಣ್ಣ ಒಂದು ಏರಿಳಿತ. ಹೊಗೆ ನಾಲಿಗೆಯನ್ನು ಚುಚ್ಚಲಿಲ್ಲ. ಮೊದಲು ಒಂದಿಷ್ಟು ಉಪ್ಪು, ಆಮೇಲೆ ಸಿಹಿ, ಆಮೇಲೆ ಕಹಿಯ ಒಂದು ಗೆರೆ, ಮತ್ತೆ ಸಿಹಿ. ಬಟ್ಟಲಿನ ಮರ ಅಂಗೈಯಲ್ಲಿ ಬೆಚ್ಚಗಾಯಿತೇ ಹೊರತು ಸುಡಲಿಲ್ಲ. ಬೂದಿಯನ್ನು ನೋಡಿದ. ಮಲ್ಲಿಗೆಯಷ್ಟು ಬೆಳ್ಳಗಿತ್ತು. ಎಲೆಯ ನರಗಳು ಸಹ ಅದರಲ್ಲಿ ಹಾಗೇ ಉಳಿದಿದ್ದವು. ಎಲೆಗೆ ತಾನು ಉರಿದುಹೋದದ್ದು ಇನ್ನೂ ತಿಳಿದಿಲ್ಲವೇನೋ ಎಂಬಂತೆ.

ಇಷ್ಟು ವರ್ಷ ವಾಸನೆ ಎಂಬ ವಾಚಾಳಿ ನೆಂಟ ಅವನನ್ನು ಬಾಗಿಲಲ್ಲೇ ಹಿಡಿದು ಮಾತಾಡಿಸಿ ಕಳಿಸಿಬಿಡುತ್ತಿದ್ದ. ಒಳಗೊಂದು ಮನೆಯಿದೆ, ಮನೆಯಲ್ಲಿ ಇಷ್ಟು ಕೋಣೆಗಳಿವೆ ಎಂದು ಇವತ್ತು ಗೊತ್ತಾಗುತ್ತಿತ್ತು. ಯಾರೋ ಒಬ್ಬರು, ಎಲ್ಲೋ, ಹೆಸರನ್ನೂ ದೊಡ್ಡದಾಗಿ ಹಾಕಿಕೊಳ್ಳದೆ, ಇದನ್ನು ಕೂತು ಮಾಡಿದ್ದರು. ಬಟ್ಟಲಿನೊಳಗಿನ ಆ ಕೆಂಪು ಕಣ್ಣನ್ನೇ ನೋಡುತ್ತಾ ಅವನು ಸೇದುವುದನ್ನು ಮರೆತ.

ಆಮೇಲೆ ತಲೆಯೆತ್ತಿ ಉಳಿದವರ ಮುಖ ನೋಡಿದ.

ಭಾವಮೈದುನ ಕೆಮ್ಮುತ್ತಿದ್ದ. ಕೆಮ್ಮನ್ನು ಗೌರವಕ್ಕಾಗಿ ಕರವಸ್ತ್ರದೊಳಗೆ ಅಡಗಿಸುತ್ತಿದ್ದ, ಆದರೆ ಕಣ್ಣಲ್ಲಿ ನೀರು. ಸಿಸ್ಟರಮ್ಮ ಪೈಪನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಿದ್ದರು. ಅವರ ಮೂಗಿನ ತುದಿ ಒಮ್ಮೆ ಮೇಲೆ ಸರಿದು ಕೆಳಗೆ ಬಂತು. ಕ್ಷೌರದಂಗಡಿಯವನೊಬ್ಬ ಮಾತ್ರ ಸಂತೃಪ್ತನಾಗಿ ಹೊಗೆ ಬಿಡುತ್ತಿದ್ದ.

ಮೂಗಣ್ಣ ಬದುಕಿಡೀ ಕಾಣದ ವಸ್ತುಗಳನ್ನು ಕೈಯಿಂದ ಓದಿದವನು. ಕಾಣುವ ಮುಖ ಓದುವುದು ಅವನಿಗೆ ಕಷ್ಟವೇ? ಈ ಹೊಗೆಯಲ್ಲಿ ಏನೋ ಕೆಟ್ಟಿದೆ. ಇವರಿಗೆ ಬರುತ್ತಿದೆ, ನನಗೆ ಬರುತ್ತಿಲ್ಲ. ‘ಇದು ಬೇಡ’ ಎಂದು ಒಂದು ಮಾತು ಅಂದರೆ ಮುಗಿಯಿತು. ಎಲ್ಲರೂ ಹೌದೌದು ಅನ್ನುತ್ತಾರೆ, ಗೂಬೆಯದು ಜಾಡಿಗೆ ಹೋಗುತ್ತದೆ, ಮೂಗಣ್ಣ ಮೂಗಣ್ಣನಾಗಿಯೇ ಮನೆಗೆ ಹೋಗುತ್ತಾನೆ. ಮೂವರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಅಂಗೈಯಲ್ಲಿದ್ದ ಪೈಪನ್ನು ನೋಡಿದ. ಅದು ಇನ್ನೂ ಬೆಚ್ಚಗಿತ್ತು, ಒಂದೇ ಸಮನಾಗಿ.

“ಇದು,” ಅಂದ. ಮತ್ತೆ ಅಂದ, “ಇದೇ. ಇಂಥದ್ದು ಈ ಕೋಣೆಗೆ ಹಿಂದೆ ಬಂದಿಲ್ಲ. ಮುಂದೆ ಬರುತ್ತೋ ಇಲ್ವೋ.”

ಭಾವಮೈದುನ ಕರವಸ್ತ್ರ ಮಡಿಸಿಟ್ಟುಕೊಂಡ. ಭಾವನ ಮಾತನ್ನು ಅವನು ಯಾವತ್ತೂ ಮೀರಿದವನಲ್ಲ. ಇನ್ನೊಮ್ಮೆ ಎಳೆದ. ಬಹಳ ಹೊತ್ತು ಯೋಚಿಸಿದ.

“ಹೌದು,” ಅಂದ. “ಒಂಥರಾ... ಶುಭ್ರವಾಗಿದೆ.”

“ಶುಭ್ರ!” ಅಂದ ಕ್ಷೌರದಂಗಡಿಯವನು ಸಂತೋಷದಿಂದ. “ಅದೇ ಪದ.”

“ಸ್ನಾನ ಮಾಡಿ ಬಂದ ಹಾಗೆ,” ಅಂದ ಭಾವಮೈದುನ, ಇನ್ನಷ್ಟು ಧೈರ್ಯ ತಂದುಕೊಂಡು. “ಮೊದಲು ಗೊತ್ತಾಗಲ್ಲ. ಭಾವ ಹೇಳಿದ ಮೇಲೆ ಗೊತ್ತಾಗುತ್ತೆ.”

ಸಿಸ್ಟರಮ್ಮ ಮೂಗಣ್ಣನನ್ನೇ ನೋಡುತ್ತಿದ್ದರು, ವಾರ್ಡಿನಲ್ಲಿ ಒಂದು ಹಾಸಿಗೆಯ ಪಕ್ಕ ನಿಂತ ಹಾಗೆ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಲೋಟಗಳ ಸದ್ದಾಯಿತು. ಅಂಗಡಿಯ ಮೇಲೆಯೇ ಯಜಮಾನನ ಮನೆ. ಅವನು ಒಂಟಿ ಜೀವಿ. ಆದ್ದರಿಂದ ಪ್ರತಿ ವರ್ಷ ಈ ದಿನ ಅಕ್ಕನೇ ಬಂದು ಎಲ್ಲರಿಗೂ ಚಹಾ ಮಾಡಿಕೊಡುತ್ತಿದ್ದಳು, ಹಾಗೇ ಅವನ ಅಡುಗೆಮನೆಯನ್ನೂ ಅವನ ಜೀವನಕ್ರಮವನ್ನೂ ಒಂದಿಷ್ಟು ಬೈದು ಹೋಗುತ್ತಿದ್ದಳು. ತಟ್ಟೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡವಳು ಅಲ್ಲೇ ನಿಂತಳು.

“ಲೋ, ಇದೇನೋ ಇದು? ಇಲ್ಲಿ ಕೂತು ಸೋಪು ಸುಡ್ತಿದ್ದೀರಾ?”

ಅವಳ ಕಣ್ಣು ಮೂವರನ್ನೂ ದಾಟಿ ಗಂಡನ ಮೇಲೆ ಬಂದು ನಿಂತಿತು. ಅವನ ಕೈಯಲ್ಲಿ ಉರಿಯುತ್ತಿರುವ ಪೈಪು, ಇಸ್ತ್ರಿ ಮಾಡಿದ ಅಂಗಿ, ಆ ಅಂಗಿಯೊಳಗಿನ ಮುಖ. ಕ್ಷಣಾರ್ಧದಲ್ಲಿ ಅವಳಿಗೆ ಎಲ್ಲ ಅರ್ಥವಾಯಿತು.

“ಅಯ್ಯೋ, ನನ್ನ ಕೈಯದೇ ಇರಬೇಕು ಕಣ್ರೋ,” ಅಂದಳು, ತಟ್ಟೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. “ಇವನ ಪಾತ್ರೆ ತೊಳೆದು ತೊಳೆದು... ಅರ್ಧ ಸೋಪು ಖರ್ಚಾಯ್ತು. ಇಡೀ ಮನೆ ಅದೇ ವಾಸನೆ. ನೀವು ಮಾಡ್ಕೊಳ್ಳಿ ನಿಮ್ಮ ಕೆಲಸ.”

ಅವಳ ಕೈ ಒಣಗಿತ್ತು. ಪಾತ್ರೆ ತೊಳೆದ ಕೈಯಲ್ಲ ಅದು ಎನ್ನುವುದು ಮೂಗಣ್ಣನಿಗೆ ಕಾಣುತ್ತಿತ್ತು. ಈ ಹೆಂಗಸು ಯಾವ ವಿಷಯಕ್ಕೂ ಯಾರ ಹತ್ತಿರವೂ ಸುಳ್ಳು ಹೇಳಿದವಳಲ್ಲ. ಮನೆ ಬಾಗಿಲಿಗೆ ಬಂದ ಗಿರಾಕಿಗೆ ‘ಅವರು ಮನೇಲಿಲ್ಲ ಅನ್ನು’ ಎಂದು ಒಳಗಿನಿಂದ ಇವನು ಅಂದರೆ, ‘ಮನೇಲಿಲ್ಲ ಅಂತ ಹೇಳು ಅಂದ್ರು’ ಎಂದು ಹಾಗೇ ಹೋಗಿ ಹೇಳುವವಳು.

“ಅವಳ ಕೈಯಲ್ಲ,” ಅಂದ ಅವನು. “ನನಗೆ ವಾಸನೆ ಬರ್ತಿಲ್ಲ.”

“ಈ ಸೋಪಿನದಾ?” ಅಂದ ಭಾವಮೈದುನ.

“ಯಾವುದೂ. ಜ್ವರ ಬಿಟ್ಟಾಗಿಂದ ಒಂದೂ ಬರ್ತಿಲ್ಲ. ಹಾಲು ಸೀದ್ರೂ ಇಲ್ಲ, ಮೈ ಬೆವೆತ್ರೂ ಇಲ್ಲ. ಮೊದಲ ಡಬ್ಬಿ ಮೂಸಿದ್ದು ನಾಟಕ. ಎರಡನೇದೂ ನಾಟಕ.”

ಕ್ಷೌರದಂಗಡಿಯವನ ಬಾಯಿ ತೆರೆದೇ ಇತ್ತು. ಸಿಸ್ಟರಮ್ಮ ಈಗ ಕನ್ನಡಕವನ್ನು ಮೇಲಕ್ಕೇರಿಸಿದರು.

“ಮೊದಲ ಡಬ್ಬೀಲೇ ನನಗೆ ಅನುಮಾನ ಬಂದಿತ್ತು,” ಅಂದರು. “ವಾಸನೆ ಬಂದೋರು ಅಷ್ಟು ಹೊತ್ತು ಕಣ್ಣು ಮುಚ್ಚಿರಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ?” ಅಂದ ಭಾವಮೈದುನ.

“ರೋಗಿ ತಾನಾಗಿ ಹೇಳೋ ತನಕ ಕಾಯೋದು ನಮ್ಮ ಅಭ್ಯಾಸ. ಕೆಲವರು ಡಿಸ್ಚಾರ್ಜ್ ಆದ ಮೇಲೆ ಹೇಳ್ತಾರೆ.”

ಇತ್ತ ಕ್ಷೌರದಂಗಡಿಯವನು ಬೂದು ಡಬ್ಬಿಯನ್ನು ಎತ್ತಿ ಮೂಸಿದ. ತನ್ನ ಅಂಗೈ ಮೂಸಿದ. ಮತ್ತೆ ಡಬ್ಬಿ ಮೂಸಿದ. “ನನಗೇನೂ ವ್ಯತ್ಯಾಸ ಗೊತ್ತಾಗ್ತಿಲ್ವಲ್ಲ,” ಅಂದ ದೀನನಾಗಿ.

“ಎಲ್ಲಿಟ್ಟಿದ್ದೆ ಇದನ್ನ?” ಅಂದಳು ಅಕ್ಕ.

“ಬಿಸಿಲು ಬೀಳಬಾರದು ಅಂದ್ರಲ್ಲ ಅಕ್ಕಾ. ಅಂಗಡೀಲಿ ಬಿಸಿಲು ಬೀಳದ ಜಾಗ ಅಂದ್ರೆ ಆ ಕೆಳಗಿನ ಡ್ರಾಯರು. ಗಡ್ಡದ ಸೋಪು, ಪೌಡರು... ತಂಪಾಗಿರುತ್ತೆ ಅಂತ...”

“ಮುಚ್ಚಳ ಸಡಿಲ ಬಿಟ್ಟು?”

“ಉಸಿರಾಡಬೇಕಲ್ಲ!”

“ಚೆನ್ನಾಗೇ ಉಸಿರಾಡಿದೆ,” ಅಂದರು ಸಿಸ್ಟರಮ್ಮ.

ಭಾವಮೈದುನ ಮಾತ್ರ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕಂಬ ಕಳಚಿಕೊಂಡ ಚಪ್ಪರ ನೋಡುತ್ತಿರುವವನ ಮುಖ ಅದು. “ನಾನು ಶುಭ್ರ ಅಂದೆ,” ಅಂದ ತನ್ನಷ್ಟಕ್ಕೆ. “ಭಾವ ಅಂದ್ರಲ್ಲ ಅಂತ, ಸೋಪನ್ನ ಶುಭ್ರ ಅಂದೆ. ಹಾಗಾದ್ರೆ ನೀವು ಇದೇ ಅಂದದ್ದು ಯಾತಕ್ಕೆ? ಗೊತ್ತಾಗದೇ ಇದ್ದೋರು ಮೂರೂ ಒಂದೇ ಅನ್ನಬಹುದಿತ್ತಲ್ಲ? ನಮ್ಮ ಮುಖ ನೋಡಿ ಬೇಡ ಅಂದಿದ್ರೂ ಆಗ್ತಿತ್ತು.”

“ನೋಡಿದೆ.”

“ನೋಡಿ?”

“ಕೈ ಒಪ್ಪಲಿಲ್ಲ ಕಣಪ್ಪ.” ಮೂಗಣ್ಣ ಪೈಪನ್ನು ಮೇಜಿನ ಮೇಲಿಟ್ಟು, ಆ ಕಪ್ಪು ಇಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡ. “ಈ ತೀರ್ಪಿನ ಕುರ್ಚಿ ನೀನು ಯಾರಿಗೆ ಬೇಕಾದ್ರೂ ಕೊಡು, ನಾನು ಎದ್ದು ಹೋಗ್ತೀನಿ. ಆದ್ರೆ ಇದನ್ನ ಹೀಗೆ ಕಳಿಸಬೇಡ. ಸೋಪು ಬಂದಿರೋದು ಹೊರಗಡೆಯಿಂದ. ನೀನು ಕೊಟ್ಟಿದ್ದು ಅಂಚಿನ ಬಿಲ್ಲೆ. ಇಷ್ಟು ಒತ್ತಿರೋ ಎಲೆಯೊಳಗೆ ಒಂದು ವಾರದಲ್ಲಿ ಯಾವ ಸೋಪು ಎಷ್ಟು ದೂರ ಹೋಗುತ್ತೆ? ನಡುವಿಗೆ ಕುಯ್ಯಿ.”

ಭಾವಮೈದುನ ಅಕ್ಕನ ಮುಖ ನೋಡಿದ.

“ಕುಯ್ಯೋ, ನನ್ನ ಮುಖ ಏನು ನೋಡ್ತೀಯ,” ಅಂದಳು.

ಚಾಕು ಇಳಿಯಲು ಹೊತ್ತು ಹಿಡಿಯಿತು. ಇಟ್ಟಿಗೆ ಎರಡಾಗಿ ಬಿದ್ದಾಗ ಒಳಗಿನ ಮೈ ಕಿಟಕಿಯ ಬೆಳಕಿಗೆ ಮಿನುಗಿತು. ಒಳಗಿನ ಬಣ್ಣ ಕಪ್ಪಲ್ಲ. ಗೆರೆ ಗೆರೆಯಾಗಿ ಕಂದು, ಕೆಂಪು, ಜೇನಿನ ಬಣ್ಣ, ಮತ್ತೆ ಕಂದು. ನಡುವಿನಿಂದ ಬಿಲ್ಲೆಗಳನ್ನು ಸೀಳಿದರು. ಪೈಪುಗಳನ್ನು ಬಡಿದು, ಒರೆಸಿ, ಹೊಸದಾಗಿ ತುಂಬಿದರು. ಮೂಗಣ್ಣ ತನಗೆ ತುಂಬಿಕೊಳ್ಳಲಿಲ್ಲ. ತನ್ನ ಹಿತ್ತಾಳೆ ಕೀಲಿಯನ್ನು ಭಾವಮೈದುನನ ಕೈಗೆ ಕೊಟ್ಟು, ಗೋಡೆಗೆ ಒರಗಿ ನಿಂತ. ಮೂರು ಕಡ್ಡಿಗಳು ಉರಿದವು.

ಮೊದಲು ಏನೂ ಆಗಲಿಲ್ಲ.

ಕ್ಷೌರದಂಗಡಿಯವನು, ದಿನವಿಡೀ ಬಾಯಿ ಮುಚ್ಚದವನು, ಮೆಲ್ಲಗೆ ಹೋಗಿ ತಂಬಾಕಿನ ಪೆಟ್ಟಿಗೆಯೊಂದರ ಮೇಲೆ ಕೂತ. ಸಿಸ್ಟರಮ್ಮನ ಕೈಯಲ್ಲಿದ್ದ ಕಡ್ಡಿ ಆರಿಸುವುದು ಮರೆತು ಬೆರಳಿನವರೆಗೆ ಉರಿದು ಬಂತು. ಅವರು ಅದನ್ನು ನೋಡದೆಯೇ ಕೆಳಗೆ ಹಾಕಿ ಚಪ್ಪಲಿಯಿಂದ ಒರೆಸಿದರು. ಅವರ ಕಣ್ಣು ಬಾಗಿಲಿಗೆ ತೂಗುಹಾಕಿದ್ದ ಯಾರದೋ ಕೋಟಿನ ಮೇಲಿತ್ತು. ಭಾವಮೈದುನ ಎರಡು ಸಲ ಎಳೆದು, ಪೈಪನ್ನು ಕೆಳಗಿಳಿಸಿ, ಮೂಗಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿಂತುಬಿಟ್ಟ. ಹೊಗೆ ಮೇಜಿನ ಮೇಲೆ ತೆಳುವಾಗಿ ಹಾಸಿಕೊಂಡು, ಕಿಟಕಿಯ ಬಿಸಿಲಿನ ಪಟ್ಟೆ ಹತ್ತಿ, ಅಲ್ಲಿ ನೀಲಿಯಾಗಿ ತಿರುಗುತ್ತಿತ್ತು.

ಮೂಗಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ತಾನು ಹೊಸ್ತಿಲಲ್ಲಿ ನಿಂತು, ಒಳಗೆ ಹೋದವರನ್ನು ನೋಡುತ್ತಿರುವ ಹಾಗಿತ್ತು. ಅದು ಅವನಿಗೆ ಅಭ್ಯಾಸವಿದ್ದ ಜಾಗವೇ.

“ಏನು?” ಅಂದ ಕೊನೆಗೆ. “ಏನಿದೆ ಅದರಲ್ಲಿ? ಯಾರಾದ್ರೂ ಹೇಳ್ರಪ್ಪ.”

ಸಿಸ್ಟರಮ್ಮ ತಲೆಯಾಡಿಸಿದರು, ಆಗುವುದಿಲ್ಲ ಎಂಬಂತೆ. ಮಾತು ಬಂದದ್ದು ಹೆಂಡತಿಗೆ. ಮದುವೆಯಾದಾಗಿನಿಂದ ಅವನು ಪೈಪ್ ಹಚ್ಚಿದಾಗಲೆಲ್ಲ ಎದ್ದು ಕಿಟಕಿ ತೆಗೆದವಳು ಅವಳು. ಈಗ ಖಾಲಿ ತಟ್ಟೆಯನ್ನು ಎದೆಗವುಚಿಕೊಂಡು ಹೊಗೆಯ ನಡುವೆಯೇ ನಿಂತಿದ್ದಳು.

“ನಮ್ಮ ಅಜ್ಜಿ ಪೆಟ್ಟಿಗೆ,” ಅಂದಳು. “ಮರದ್ದು. ಬಟ್ಟೆ ಎಲ್ಲ ಬಿಸಿಲಿಗೆ ಹಾಕೋಕೆ ಹೊರಗೆ ತೆಗೆದ ಮೇಲೆ ಖಾಲಿ ಇರುತ್ತಲ್ಲ, ಆಗ. ನಾನು ಚಿಕ್ಕೋಳು. ಅದರೊಳಗೆ ಕೂತು ಮುಚ್ಚಳ ಹಾಕ್ಕೊಳ್ತಿದ್ದೆ. ಹೊರಗೆ ಎಲ್ಲರೂ ನನ್ನ ಹುಡುಕೋರು. ಅಜ್ಜಿ ನಡೆಯೋದು ಕೇಳಿಸೋದು, ಯಾರೋ ನೀರು ಸೇದೋದು ಕೇಳಿಸೋದು. ನನಗೆ ಮಾತ್ರ ಹೊರಗೆ ಬರೋಕೆ ಮನಸ್ಸಿಲ್ಲ.” ಒಂದು ಸಲ ಉಸಿರೆಳೆದುಕೊಂಡಳು. “ಅಲ್ಲಿನ ವಾಸನೆ.”

“ಒಂದ್ಸಲ ಮೇಲಿಂದ ಬೀಗ ಬಿದ್ದಿತ್ತಲ್ಲ,” ಅಂದ ತಮ್ಮ. “ಅದು ನಾನೇ ಹಾಕಿದ್ದು.”

“ಗೊತ್ತು ಕಣೋ.”

ಮೂಗಣ್ಣ ಕಣ್ಣು ಮುಚ್ಚಿಕೊಂಡ. ಈ ಸಲ ಉಸಿರೆಳೆಯಲಿಲ್ಲ.

“ಇನ್ನೂ ಹೇಳು,” ಅಂದ.

ಆ ವರ್ಷ ಜಾಡಿಗೆ ಮೂರನೆಯ ಡಬ್ಬಿಯ ತಂಬಾಕು ಬಿತ್ತು. ಇನ್ನು ಮುಂದೆ ಯಾವ ಡಬ್ಬಿಯನ್ನೂ ಕ್ಷೌರದಂಗಡಿಗೆ ಕಳಿಸಕೂಡದೆಂದು ತೀರ್ಮಾನವಾಯಿತು. ಮೂಗಣ್ಣನ ವಾಸನೆ ಮರಳಿ ಬರಲಿಲ್ಲ. ಮೊದಲ ಮುಚ್ಚಳ ತೆಗೆಯುವ ಕೆಲಸ ಅವನಲ್ಲೇ ಉಳಿಯಿತು. ಅವನ ಪಕ್ಕದಲ್ಲಿ ಹೆಂಡತಿಗೆಂದು ಇನ್ನೊಂದು ಕುರ್ಚಿ ಹಾಕಿದರು.